ಗ್ರಾಫಿಕ್ಸ್ ಕಾರ್ಡ್ ಸದ್ದು ತಡೆಯೋಕಾಗ್ತಿಲ್ಲ, ಬೇರೆ ಕೂಲರ್ ಹಾಕಬಹುದಾ?

ಕೌಲ್‌ಬಜಾರ್ ಎಡಿಟರ್ (ಬಳ್ಳಾರಿ):

ಎಲ್ಲರಿಗೂ ನಮಸ್ಕಾರ. ನನ್ನದು ಮದುವೆ ವಿಡಿಯೋ ಎಡಿಟಿಂಗ್ ಕೆಲಸ. ಮನೆ ಕೌಲ್ ಬಜಾರ್ ಕಡೆ. ಕೆಳಗೆ ಜೀನ್ಸ್ ಹೊಲಿಯುವ ಯೂನಿಟ್, ಮೇಲೆ ನನ್ನ ರೂಮು, ಅದರ ಮೇಲೆ ಬರೀ ಮಾಳಿಗೆ ಮತ್ತು ಬಿಸಿಲು. ಹಗಲು ಹೊತ್ತು ಕೆಳಗಿನ ಮಷಿನ್ ಸದ್ದಿನಲ್ಲಿ ನನ್ನ ಕಂಪ್ಯೂಟರ್ ಸದ್ದು ಯಾರಿಗೂ ಕೇಳುವುದಿಲ್ಲ. ತೊಂದರೆ ಇರುವುದು ರಾತ್ರಿ. ಯೂನಿಟ್ ಮುಚ್ಚಿದ ಮೇಲೆ ಡಾವಿಂಚಿ ರಿಸಾಲ್ವ್ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ರೆಂಡರ್‌ಗೆ (ಪೂರ್ತಿ ವಿಡಿಯೋ ಫೈಲ್ ತಯಾರಾಗೋಕೆ) ಹಾಕಿ ಊಟಕ್ಕೆ ಹೋಗುತ್ತೇನೆ, ಕೈ ತೊಳೆಯುವಷ್ಟರಲ್ಲಿ ಕಾರ್ಡ್ ಶುರು ಮಾಡಿರುತ್ತದೆ. ಪಕ್ಕದ ರೂಮಿನಲ್ಲಿ ಮಲಗುವ ನಮ್ಮಜ್ಜಿ, "ಏನೋ ಅದು, ರಾತ್ರಿಯೆಲ್ಲ ಜೋಳ ಬೀಸ್ತೀಯಾ?" ಅಂತ ಕೇಳುತ್ತಾರೆ.

ಕಾರ್ಡ್ ಆರ್‌ಎಕ್ಸ್ 580, 8 ಜಿಬಿ, ಎರಡು ಫ್ಯಾನಿನದು. ಸೆಕೆಂಡ್ ಹ್ಯಾಂಡ್ ತಗೊಂಡು ಎರಡು ವರ್ಷ ಆಯಿತು. ಯಾವ ಕಂಪನಿಯದು ಅಂತ ಕೇಳಬೇಡಿ, ವಾರಂಟಿ ಅಂತೂ ಯಾವಾಗಲೋ ಮುಗಿದಿದೆ. ರೆಂಡರ್ ಹೊತ್ತಿನಲ್ಲಿ 84 ಡಿಗ್ರಿ, ಫ್ಯಾನ್ ನಿಮಿಷಕ್ಕೆ 3,100 ಸುತ್ತು ತೋರಿಸುತ್ತದೆ. ಈಗ ಜನವರಿ, ರಾತ್ರಿ ರೂಮಿನಲ್ಲಿ 29 ಡಿಗ್ರಿ ಇದೆ. ಈಗಲೇ ಹೀಗಾದರೆ ಮೇ ತಿಂಗಳಲ್ಲಿ ಏನು ಗತಿ?

ಇಂಟರ್‌ನೆಟ್ಟಿನಲ್ಲಿ ಆರ್ಕ್‌ಟಿಕ್ ಅಕ್ಸೆಲೆರೋ, ರೈಜಿನ್‌ಟೆಕ್ ಮಾರ್ಫಿಯಸ್ ಅಂತ ಬೇರೆ ಕೂಲರ್‌ಗಳನ್ನು ನೋಡಿದೆ. ಹಳೆಯದನ್ನು ಪೂರ್ತಿ ಬಿಚ್ಚಿ ಇದನ್ನು ಕೂರಿಸಿದರೆ ಸದ್ದೇ ಇರುವುದಿಲ್ಲ ಅಂತಾರೆ. ಯಾರಾದರೂ ಹಾಕಿದ್ದೀರಾ? ನನ್ನ ಕೈಯಲ್ಲಿ ಮೂರು ಸಾವಿರ ಇದೆ, ಅದಕ್ಕಿಂತ ಜಾಸ್ತಿ ಆಗುವುದಿಲ್ಲ.

ಕೋಟೆ ಕೆಳಗೆ (ಕೊಪ್ಪಳ):

ಅಣ್ಣ, ಅದು 2017ರಲ್ಲಿ ಬಂದ ಕಾರ್ಡ್. ಅದಕ್ಕೆ ಮೂರು ಸಾವಿರ ಸುರಿಯುವ ಬದಲು ಮಾರಿಬಿಟ್ಟು, ಆ ದುಡ್ಡನ್ನೂ ಸೇರಿಸಿ ಬೇರೆ ತಗೊಳ್ಳಿ. ಹೊಸ ಕಾರ್ಡ್‌ಗಳು ಕಡಿಮೆ ಕರೆಂಟಿನಲ್ಲಿ ಜಾಸ್ತಿ ಕೆಲಸ ಮಾಡುತ್ತವೆ, ಸದ್ದೂ ಕಡಿಮೆ.

ಕೌಲ್‌ಬಜಾರ್ ಎಡಿಟರ್:

ನೀವು ಹೇಳುವುದು ಸರಿ. ಆದರೆ ಪಾರ್ಟಿಗಳಿಂದ ಬಾಕಿ ಬರಬೇಕು, ಬಂದ ಮೇಲೆ ಕ್ಯಾಮೆರಾ ಲೆನ್ಸಿನ ಕಂತು ಇದೆ. ಕಾರ್ಡ್ ಕೆಲಸ ಚೆನ್ನಾಗೇ ಮಾಡುತ್ತಿದೆ, ಕೂಗುವುದೊಂದೇ ಕಷ್ಟ.

ಬಿಸಿಲೂರು ರಿಪೇರಿ (ರಾಯಚೂರು):

ಕೂಲರ್ ಮಾತು ಆಮೇಲೆ. ಮೊದಲು ಅದು ಎಂಥ ಸದ್ದು ಅಂತ ನೋಡಿ. ನನ್ನ ಹತ್ತಿರ ರಿಪೇರಿಗೆ ಬರುವ ಕಾರ್ಡ್‌ಗಳಲ್ಲಿ ಎಲ್ಲರೂ "ಸೌಂಡ್ ಬರ್ತದೆ" ಅಂತಲೇ ಹೇಳುತ್ತಾರೆ, ಬಿಚ್ಚಿ ನೋಡಿದರೆ ಒಂದೊಂದರದ್ದು ಒಂದೊಂದು ಕಥೆ. ಗಾಳಿ ಬೀಸುವ ಹುಸ್ ಅನ್ನುವ ಸದ್ದು ಬೇರೆ, ಬೇರಿಂಗ್ ಸವೆದು ಕರ್ ಕರ್ ಅನ್ನುವುದು ಬೇರೆ, ಸೊಳ್ಳೆ ತರ ಸಣ್ಣಗೆ ಕುಂಯ್ ಅನ್ನುವ, ಕಾರ್ಡಿನ ಬೋರ್ಡ್ ಮೇಲಿನ ಕಾಯಿಲ್ (ತಂತಿ ಸುರುಳಿ) ಸದ್ದು ಇನ್ನೊಂದು. ಕಾಯಿಲ್‌ದಾದರೆ ಚಿನ್ನದ ಕೂಲರ್ ಹಾಕಿದರೂ ಹೋಗುವುದಿಲ್ಲ, ಸುಮ್ನೆ ದುಡ್ಡು ದಂಡ.

ಕ್ಯಾಬಿನೆಟ್ ಬಾಗಿಲು ತೆಗೆದು ರೆಂಡರ್ ಹಾಕಿ. ಒಂದು ಫ್ಯಾನಿನ ನಡುವಿನ ಸ್ಟಿಕ್ಕರ್ ಮೇಲೆ ಬೆರಳು ಇಟ್ಟು ಮೆಲ್ಲಗೆ ಒತ್ತಿ ಎರಡು ಸೆಕೆಂಡ್ ನಿಲ್ಲಿಸಿ. ರೆಕ್ಕೆಗೆ ಬೆರಳು ಕೊಡಬೇಡಿ. ಆಮೇಲೆ ಇನ್ನೊಂದು. ಯಾವುದನ್ನು ನಿಲ್ಲಿಸಿದಾಗ ಸದ್ದು ನಿಲ್ಲುತ್ತದೋ ಅದೇ ಕಳ್ಳ.

ಇನ್ನೊಂದು ಮಾತು. ನಿಮ್ಮ ಕೆಳಗೆ ಜೀನ್ಸ್ ಯೂನಿಟ್ ಇದೆ ಅಂದಿರಿ. ಬರೆದು ಕೊಡುತ್ತೇನೆ, ನಿಮ್ಮ ಹೀಟ್‌ಸಿಂಕ್ (ಚಿಪ್ಪಿನ ಬಿಸಿ ಎಳೆದುಕೊಳ್ಳುವ ಲೋಹದ ತಗಡುಗಳ ಭಾಗ) ಒಳಗೆ ನೂಲಿನ ಜೊಂಡು ತುಂಬಿದೆ. ಮಾಮೂಲಿ ಧೂಳಾದರೆ ಊದಿದರೆ ಹೋಗುತ್ತದೆ. ನೂಲಿನ ಎಳೆ ಹಾಗಲ್ಲ, ತಗಡು ತಗಡುಗಳ ನಡುವೆ ಹೆಣೆದುಕೊಂಡು ಕಂಬಳಿ ತರ ಕೂತುಬಿಡುತ್ತದೆ. ಗಾಳಿ ಹೋಗಲು ದಾರಿ ಇಲ್ಲ, ಬಿಸಿ ಏರುತ್ತದೆ, ಬಿಸಿ ಏರಿದ್ದಕ್ಕೆ ಫ್ಯಾನ್ ಜೋರಾಗುತ್ತದೆ, ಫ್ಯಾನ್ ಜೋರಾದಷ್ಟೂ ಇನ್ನಷ್ಟು ನೂಲು ಎಳೆದುಕೊಳ್ಳುತ್ತದೆ. ನಮ್ಮಲ್ಲಿ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಿಂದ ಬರುವ ಕಂಪ್ಯೂಟರ್‌ಗಳೂ ಹೀಗೇ.

ಬ್ಲೋವರ್‌ನಿಂದ ಊದುವಾಗ ಫ್ಯಾನ್ ರೆಕ್ಕೆ ಹಿಡಿದುಕೊಳ್ಳಿ. ಬಿಟ್ಟರೆ ಅದು ಹುಚ್ಚು ಹಿಡಿದಂಗೆ ತಿರುಗಿ ಬೇರಿಂಗ್ ಹಾಳಾಗುತ್ತದೆ. ಅಷ್ಟು ಬಿಚ್ಚಿದ ಮೇಲೆ ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವೆ ಬಿಸಿ ದಾಟಿಸುವ ಪೇಸ್ಟ್ ಸಹ ಬದಲಿಸಿಬಿಡಿ, ಹಳೇ ಪೇಸ್ಟ್ ಒಣಗಿ ಸುಣ್ಣ ಆಗಿರುತ್ತದೆ. ಎಂಎಕ್ಸ್-4 ತರದ್ದು ಸಾಕು, ಕರೆಂಟ್ ಹರಿಯುವ ಲಿಕ್ವಿಡ್ ಮೆಟಲ್ ಸಹವಾಸ ಬೇಡ.

ಆಮೇಲೆ ವೋಲ್ಟೇಜ್ ಇಳಿಸಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೂ ಯಾಕೋ ಯಾರೂ ಮಾಡುವುದಿಲ್ಲ. 580 ಕಾರ್ಡ್‌ಗಳು ಬಹಳಷ್ಟು 1,150 ಮಿಲಿವೋಲ್ಟ್ ಆಸುಪಾಸು ಓಡುತ್ತವೆ, ಅಷ್ಟು ಬೇಕಾಗಿಯೇ ಇರುವುದಿಲ್ಲ. ಚಿಪ್ ಮಾಡಿದ ಎಎಂಡಿ ಕಂಪನಿಯ ಅಡ್ರೆನಲಿನ್ ಸಾಫ್ಟ್‌ವೇರ್‌ನಲ್ಲಿ ಟ್ಯೂನಿಂಗ್‌ಗೆ ಹೋಗಿ 25-25 ಇಳಿಸುತ್ತಾ ಬನ್ನಿ, ಪ್ರತಿ ಸಲ ಅರ್ಧ ಗಂಟೆ ರೆಂಡರ್ ಓಡಿಸಿ. ಸ್ಕ್ರೀನ್ ಕಪ್ಪಾದರೆ ಅಥವಾ ಚುಕ್ಕಿ ಬಂದರೆ ಒಂದು ಮೆಟ್ಟಿಲು ಮೇಲೆ ಹತ್ತಿ ಅಲ್ಲೇ ನಿಲ್ಲಿ. ಚಿಪ್ ತಿನ್ನುವ ಕರೆಂಟ್ ಹೆಚ್ಚುಕಡಿಮೆ ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಇಳಿಯುತ್ತದೆ. 1,150ರಿಂದ 1,050ಕ್ಕೆ ಬಂದರೆ ಶೇಕಡಾ 16-17ರಷ್ಟು ಬಿಸಿ ಹುಟ್ಟುವುದೇ ನಿಂತಿತು ಅಂತ ಲೆಕ್ಕ. ಸ್ಪೀಡ್ ಮಾತ್ರ ಅಷ್ಟೇ ಇರುತ್ತದೆ.

ಅಡುಗೆಮನೆ ಗೇಮರ್ (ಸಿಂಧನೂರು):

ಫ್ಯಾನ್ ಸ್ಟಿಕ್ಕರ್ ಕಿತ್ತು ಎರಡು ಹನಿ ಕೊಬ್ಬರಿ ಎಣ್ಣೆ ಬಿಡಿ ಅಣ್ಣ. ನಾನು ಬಿಟ್ಟಿದ್ದೆ, ತಕ್ಷಣ ಸೈಲೆಂಟ್.

ಬಿಸಿಲೂರು ರಿಪೇರಿ:

ತಕ್ಷಣ ಆಗುತ್ತದೆ, ಒಂದು ತಿಂಗಳು ಬಿಟ್ಟು ಬಂದು ಹೇಳಿ. ಕೊಬ್ಬರಿ ಎಣ್ಣೆ ಬಿಸಿಗೆ ಅಂಟಾಗುತ್ತದೆ, ಚಳಿಗೆ ಗಟ್ಟಿಯಾಗುತ್ತದೆ. ಎಣ್ಣೆ ಬಿಡಲೇಬೇಕು ಅಂದರೆ ಹೊಲಿಗೆ ಮಷಿನ್ ಎಣ್ಣೆ, ಅದೂ ಒಂದೇ ಹನಿ. ಪ್ರಶ್ನೆ ಕೇಳಿದವರ ಮನೆ ಕೆಳಗೇ ಸಿಗುತ್ತದೆ, ಹಹಹ. ಆದರೆ ಸವೆದ ಬೇರಿಂಗ್‌ಗೆ ಅದೂ ಸ್ವಲ್ಪ ದಿನದ ಮದ್ದು.

ಕೌಲ್‌ಬಜಾರ್ ಎಡಿಟರ್:

ರಿಪೇರಿ ಅಣ್ಣ, ನಿಮಗೆ ಮಿರ್ಚಿ ಒಗ್ಗರಣೆ ಬಾಕಿ ಇದೆ. ಬಿಚ್ಚಿದೆ. ಒಳಗಿನಿಂದ ಏನು ಬಂತು ಗೊತ್ತಾ? ನೀಲಿ ಬಣ್ಣದ ಪಟ್ಟಿ. ಅಕ್ಷರಶಃ ನೀಲಿ! ಜೀನ್ಸ್ ನೂಲು ಒತ್ತಿ ಒತ್ತಿ ಕುಳಿತು, ಎರಡು ಬೆರಳಲ್ಲಿ ಹಿಡಿದು ಎಳೆದರೆ ಬಟ್ಟೆ ತರ ಉದ್ದಕ್ಕೆ ಎದ್ದು ಬಂತು. ಕೆಳಗಿನ ಯೂನಿಟ್ಟಿನ ಚಾಚಾಗೆ ತೋರಿಸಿದೆ, "ಇದಕ್ಕೆ ಜೇಬು ಹಚ್ಚಿಕೊಡ್ಲಾ?" ಅಂದರು.

ಪೇಸ್ಟ್ ಹಾಕಿದೆ. ವೋಲ್ಟೇಜ್ 1,025ಕ್ಕೆ ಇಳಿಸಿದಾಗ ರೆಂಡರ್ ನಡುವೆ ನಿಂತುಹೋಯಿತು, 1,050ರಲ್ಲಿ ಮೂರು ದಿನದಿಂದ ಏನೂ ತೊಂದರೆ ಇಲ್ಲ. ಮೊದಲು ಚಿಪ್ 145 ವಾಟ್ ತೋರಿಸುತ್ತಿತ್ತು, ಈಗ 120. ಬಿಸಿ 84ರಿಂದ 74ಕ್ಕೆ ಬಂತು, ಫ್ಯಾನ್ 2,300 ಸುತ್ತು.

ಆದರೆ ಎಡಗಡೆ ಫ್ಯಾನ್ ಕರ್ ಕರ್ ಹಾಗೇ ಇದೆ. ಬೆರಳಿಟ್ಟರೆ ನಿಲ್ಲುತ್ತದೆ. ಎಣ್ಣೆ ಬಿಟ್ಟೆ, ಎರಡು ದಿನ ಸುಮ್ಮನಿತ್ತು, ಮತ್ತೆ ಶುರು. ಅಜ್ಜಿ ಈಗ ಜೋಳ ಬೀಸ್ತೀಯಾ ಅನ್ನುವುದು ಬಿಟ್ಟು, ಕಾಳು ಹುರಿಯುತ್ತಿದ್ದೀಯಾ ಅಂತಿದ್ದಾರೆ. ಈಗಲಾದರೂ ಕೂಲರ್ ತಗೊಳ್ಳಲಾ?

ಭತ್ತದ ಕಣಜ (ಗಂಗಾವತಿ):

ನಾನು ಹೇಳಲಾ? ಮನೆ ಪ್ಲಾನ್‌ಗಳಿಗೆ 3ಡಿ ರೆಂಡರ್ ಮಾಡಿಕೊಡುವ ಕೆಲಸ ನನ್ನದು, ಮನೆ ಎದುರಿಗೇ ರೈಸ್ ಮಿಲ್. ನಿಮಗೆ ನೀಲಿ ನೂಲು, ನಮಗೆ ಅಕ್ಕಿ ತೌಡು. ನಾನೂ ನಿಮ್ಮಂಗೆ ಮಾರ್ಫಿಯಸ್ ಹಾಕಬೇಕು ಅಂತಲೇ ಹೊರಟಿದ್ದೆ, ಕೊನೆಗೆ ಹಾಕಲಿಲ್ಲ.

ಯಾಕೆ ಅಂದರೆ, ಆ ಕೂಲರ್‌ಗಳು ಚೆನ್ನಾಗಿಲ್ಲ ಅಂತಲ್ಲ. ಮಾರ್ಫಿಯಸ್‌ನಲ್ಲಿ 12 ಹೀಟ್ ಪೈಪ್ (ಬಿಸಿ ಸಾಗಿಸುವ ಕೊಳವೆ) ಇವೆ, ಅದು ದೊಡ್ಡ ಕಾರ್ಡ್‌ಗಳನ್ನೂ ತಣ್ಣಗಿಡುತ್ತದೆ. ಆದರೆ ಅದರ ಜೊತೆ ಫ್ಯಾನ್ ಬರುವುದಿಲ್ಲ, ಎರಡು 120 ಮಿ.ಮೀ. ಫ್ಯಾನ್ ನಾವೇ ಕೊಳ್ಳಬೇಕು. ಅಕ್ಸೆಲೆರೋ ಎಕ್ಸ್‌ಟ್ರೀಮ್‌ನಲ್ಲಿ ಮೂರು 92 ಮಿ.ಮೀ. ಫ್ಯಾನ್ ಇರುತ್ತವೆ, ಆದರೆ ಹಳೆಯ ಮಾದರಿಯಲ್ಲಿ ಮೆಮೊರಿ ಚಿಪ್‌ಗೂ ವೋಲ್ಟೇಜ್ ಚಿಪ್‌ಗೂ ಸಣ್ಣ ಸಣ್ಣ ಅಲ್ಯೂಮಿನಿಯಂ ತುಂಡುಗಳನ್ನು ಗಮ್ಮಿನಿಂದ ಅಂಟಿಸಬೇಕು. ಅಂಟಿಸಿದ್ದು ಮತ್ತೆ ಸುಲಭಕ್ಕೆ ಬರುವುದಿಲ್ಲ. ಇನ್ನು ಸ್ಕ್ರೂ ತೂತು. ಚಿಪ್ ಸುತ್ತಲಿನ ನಾಲ್ಕು ತೂತುಗಳ ನಡುವಿನ ಅಂತರ ಕಾರ್ಡಿನಿಂದ ಕಾರ್ಡಿಗೆ ಬೇರೆ, ಅಳತೆ ತಪ್ಪಿದರೆ ಕೂರುವುದೇ ಇಲ್ಲ. ಕೊನೆಯದಾಗಿ ಬೆಲೆ. ನಾನು ಹುಡುಕಿದಾಗ ಇಲ್ಲಿ ಸ್ಟಾಕ್ ಇರಲಿಲ್ಲ, ಹೊರಗಿನಿಂದ ತರಿಸಿದರೆ ಸೆಕೆಂಡ್ ಹ್ಯಾಂಡ್ 580ರ ಬೆಲೆಯ ಹತ್ತಿರಕ್ಕೇ ಬರುತ್ತಿತ್ತು. ಮೂರು ಸಾವಿರದಲ್ಲಿ ಅದನ್ನು ಮರೆತುಬಿಡಿ.

ನಾನು ಮಾಡಿದ್ದು ಏನು ಅಂದರೆ, ಕಾರ್ಡಿನ ಹೀಟ್‌ಸಿಂಕ್ ಅದೇ ಇಟ್ಟುಕೊಂಡೆ. ಮೇಲಿನ ಪ್ಲಾಸ್ಟಿಕ್ ಕವರ್ ಮತ್ತು ಅದರ ಸಣ್ಣ ಫ್ಯಾನ್ ತೆಗೆದು, ಕ್ಯಾಬಿನೆಟ್‌ಗೆ ಹಾಕುವ 120 ಮಿ.ಮೀ. ಫ್ಯಾನ್ ಎರಡನ್ನು ಹೀಟ್‌ಸಿಂಕ್ ಮೇಲೆ ಕೇಬಲ್ ಟೈಯಿಂದ ಕಟ್ಟಿದೆ. ಅಷ್ಟೇ. ಯೋಚನೆ ಮಾಡಿ, ನಿಮ್ಮ ಕಾರ್ಡಿನಲ್ಲಿ ಸದ್ದು ಮಾಡುವುದು ಹೀಟ್‌ಸಿಂಕ್ ಅಲ್ಲ, ಅದರ ಮೇಲಿನ ತೆಳು ಫ್ಯಾನ್. ಅದು ಸಣ್ಣದು, ಹಾಗಾಗಿ ಸಾಕಷ್ಟು ಗಾಳಿ ಕೊಡಲು ಜೋರಾಗಿ ಸುತ್ತಲೇಬೇಕು. ದೊಡ್ಡ ಫ್ಯಾನ್ ಅಷ್ಟೇ ಗಾಳಿಯನ್ನು ನಿಧಾನಕ್ಕೆ ಸುತ್ತಿ ಕೊಡುತ್ತದೆ. ಒಂದೇ ಫ್ಯಾನಿನ ಸುತ್ತು ಅರ್ಧಕ್ಕೆ ಇಳಿದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. 10 ಡೆಸಿಬಲ್ ಇಳಿದರೇನೇ ನಮ್ಮ ಕಿವಿಗೆ ಅರ್ಧ ಆದಂಗೆ ಕೇಳುತ್ತದೆ, ಲೆಕ್ಕ ಹಾಕಿಕೊಳ್ಳಿ.

ಈಗ ನಾನು ಮಾಡಿದ ತಪ್ಪುಗಳನ್ನು ಹೇಳುತ್ತೇನೆ, ನೀವು ಮಾಡಬೇಡಿ.

ಕೆಲವು ಕಾರ್ಡ್‌ಗಳಲ್ಲಿ ಕವರ್ ಮಾತ್ರ ಪಕ್ಕದ ಸ್ಕ್ರೂಗಳಿಂದ ಬಿಚ್ಚುತ್ತದೆ, ಹೀಟ್‌ಸಿಂಕ್ ಅಲುಗಿಸುವುದೇ ಬೇಡ. ನನ್ನದರಲ್ಲಿ ಹಾಗಿರಲಿಲ್ಲ, ಪೂರ್ತಿ ಎತ್ತಬೇಕಾಯಿತು. ಎತ್ತಿದಾಗ ಮೆಮೊರಿ ಚಿಪ್ ಮೇಲಿನ ಥರ್ಮಲ್ ಪ್ಯಾಡ್ (ಬಿಸಿ ದಾಟಿಸುವ ಮೆತ್ತನೆ ಪಟ್ಟಿ) ಎರಡು ಹರಿದವು. ನಾನು ಜಾಣೆ ಅಂದುಕೊಂಡು, ದಪ್ಪ ಇದ್ದರೆ ಒಳ್ಳೇದಲ್ವಾ ಅಂತ 2 ಮಿ.ಮೀ. ಪ್ಯಾಡ್ ಹಾಕಿದೆ. ಹಳೆಯದು 1 ಮಿ.ಮೀ. ಇತ್ತು. ದಪ್ಪ ಪ್ಯಾಡ್ ಹೀಟ್‌ಸಿಂಕನ್ನು ಒಂದು ಕಡೆ ಎತ್ತಿ ಹಿಡಿಯಿತು, ಚಿಪ್ಪಿಗೆ ಸರಿಯಾಗಿ ತಾಗಲಿಲ್ಲ, ಆನ್ ಮಾಡಿ ಎರಡು ನಿಮಿಷಕ್ಕೆ ಡಿಗ್ರಿ ತೊಂಬತ್ತು ದಾಟಿತು. ಎದೆ ಧಸಕ್ ಅಂತು. ಆರಿಸಿ ಮತ್ತೆ ಬಿಚ್ಚಿದೆ. ಅಂದರೆ ಹಳೇ ಪ್ಯಾಡ್ ಒತ್ತಿ ಹೋಗದ ಅಂಚಿನಲ್ಲಿ ಸ್ಕೇಲ್ ಇಟ್ಟು ಅಳೆದು, ಅಷ್ಟೇ ದಪ್ಪದ್ದು ತರಬೇಕು. 8 ಜಿಬಿ 580ರಲ್ಲಿ ಮೆಮೊರಿ ಚಿಪ್ ಎಂಟು ಇರುತ್ತವೆ, ಎಂಟರ ಮೇಲೂ ಪ್ಯಾಡ್ ಇದೆಯಾ ಅಂತ ಎಣಿಸಿ ಮುಚ್ಚಿ.

ಎರಡನೆಯದು ಸ್ಕ್ರೂ. ಅಗ್ಗದ ಸ್ಕ್ರೂಡ್ರೈವರ್‌ನಿಂದ ತಲೆ ಸವೆಸಿದೆ. ಮೊಬೈಲ್ ರಿಪೇರಿ ಅಂಗಡಿಯ ಹುಡುಗ ಬಿಡಿಸಿಕೊಟ್ಟ, ದುಡ್ಡು ಸಹ ತಗೊಳ್ಳಲಿಲ್ಲ. ಬಿಗಿ ಮಾಡುವಾಗ ನಾಲ್ಕು ಸ್ಕ್ರೂಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪ ತಿರುಗಿಸಿ, ಒಂದನ್ನೇ ಪೂರ್ತಿ ಬಿಗಿದರೆ ಚಿಪ್ ಮೂಲೆ ಒಡೆಯಬಹುದು.

ಮೂರನೆಯದು ಜಾಗ. ಮಾಮೂಲಿ ಫ್ಯಾನ್ 25 ಮಿ.ಮೀ. ದಪ್ಪ. ಕಾರ್ಡ್ ಈಗ ಮೂರು ಸ್ಲಾಟ್ ತಿನ್ನುತ್ತದೆ. ಕೆಳಗೆ ವೈಫೈ ಕಾರ್ಡ್ ಇದ್ದರೆ ಅಥವಾ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಹತ್ತಿರ ಇದ್ದರೆ ಮೊದಲೇ ಅಳೆದುಕೊಳ್ಳಿ. 15 ಮಿ.ಮೀ. ತೆಳು ಫ್ಯಾನ್ ಸಿಗುತ್ತವೆ, ಆದರೆ ಜಾಗ ಇದ್ದರೆ ದಪ್ಪದ್ದೇ ಹಾಕಿ.

ನಾನು ಹಾಕಿದ್ದು ಆರ್ಕ್‌ಟಿಕ್ ಪಿ12 ಪಿಡಬ್ಲ್ಯುಎಂ, ನಾಲ್ಕು ಪಿನ್ನಿನ ಫ್ಯಾನ್. ನಾಕ್ಟುವಾ ಕಂಪನಿಯದು ಇನ್ನೂ ಒಳ್ಳೇದು, ಆದರೆ ಬೆಲೆ ನೋಡಿ ಬಾಯಾರಿತು.

ಕೌಲ್‌ಬಜಾರ್ ಎಡಿಟರ್:

ಅಕ್ಕ, ಇದು ಮಾಡಬಹುದು ಅನ್ನಿಸುತ್ತಿದೆ. ನನ್ನ ಕಾರ್ಡಿನ ಕವರ್ ಪಕ್ಕದಿಂದ ಬಿಚ್ಚುತ್ತದೆ, ಮೊನ್ನೆ ನೋಡಿದೆ. ಒಂದೇ ಅನುಮಾನ. ಕಾರ್ಡಿನಲ್ಲಿ ಫ್ಯಾನ್ ಸಿಕ್ಕಿಸುವ ಪಿನ್ ಬಹಳ ಸಣ್ಣದು, ಕ್ಯಾಬಿನೆಟ್ ಫ್ಯಾನಿನ ಪಿನ್ ದೊಡ್ಡದು. ವೈರ್ ಕತ್ತರಿಸಿ ಜೋಡಿಸಬೇಕಾ?

ಬಿಸಿಲೂರು ರಿಪೇರಿ:

ಕತ್ತರಿಸಬೇಡಿ. ಗ್ರಾಫಿಕ್ಸ್ ಕಾರ್ಡಿನ ಸಣ್ಣ ನಾಲ್ಕು ಪಿನ್ನಿನಿಂದ ಮಾಮೂಲಿ ನಾಲ್ಕು ಪಿನ್ನಿಗೆ ಕೇಬಲ್ ಸಿಗುತ್ತದೆ, ಒಂದರಿಂದ ಎರಡು ಫ್ಯಾನಿಗೆ ಹೋಗುವಂಥದ್ದೇ ಕೇಳಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ವಿಚಾರಿಸಿ. ನಮಗೆ ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ, ನಾನು ಸಿಕಂದರಾಬಾದಿನ ಚಿನಾಯ್ ಟ್ರೇಡ್ ಸೆಂಟರಿನಿಂದ ತರುತ್ತೇನೆ. ಆನ್‌ಲೈನ್‌ನಲ್ಲೂ ಇದೆ.

ಮೊದಲು ನಿಮ್ಮ ಹಳೇ ಫ್ಯಾನಿಗೆ ಎಷ್ಟು ವೈರ್ ಅಂತ ಎಣಿಸಿ. ನಾಲ್ಕಿದ್ದರೆ ಸರಿ. ಎರಡೋ ಮೂರೋ ಇದ್ದರೆ ಕಾರ್ಡ್ ವೋಲ್ಟೇಜ್ ಏರಿಸಿ ಇಳಿಸಿ ಫ್ಯಾನ್ ನಡೆಸುತ್ತಿರಬಹುದು, ಆಗ ಈ ಕೇಬಲ್ ಕೆಲಸಕ್ಕೆ ಬರುವುದಿಲ್ಲ. ಹಾಗಿದ್ದರೆ ಫ್ಯಾನ್‌ಗಳನ್ನು ಮದರ್‌ಬೋರ್ಡಿಗೇ ಹಾಕಿ, ಫ್ಯಾನ್ ಕಂಟ್ರೋಲ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ. ಅದರಲ್ಲಿ ಗ್ರಾಫಿಕ್ಸ್ ಕಾರ್ಡಿನ ಬಿಸಿ ನೋಡಿ ಫ್ಯಾನ್ ಓಡುವಂತೆ ಇಡಬಹುದು.

ಅಕ್ಕ ಒಂದು ಹೇಳಲಿಲ್ಲ, ಕ್ಯಾಬಿನೆಟ್ ಗಾಳಿ. ಇಂಥ ಫ್ಯಾನ್ ಬಿಸಿಗಾಳಿಯನ್ನು ಹೊರಗೆ ಹಾಕುವುದಿಲ್ಲ, ಕ್ಯಾಬಿನೆಟ್ ಒಳಗೇ ಚೆಲ್ಲುತ್ತದೆ. ಹಿಂದೆ ಒಂದು ಫ್ಯಾನ್ ಎಳೆಯುವುದು, ಮುಂದೆ ಒಂದು ತಳ್ಳುವುದು ಇರಲೇಬೇಕು. ಮುಂದಿನದಕ್ಕೆ ಸಣ್ಣ ಜಾಳಿಗೆ ಕಟ್ಟಿ, ನೀಲಿ ನೂಲು ಅಲ್ಲೇ ನಿಲ್ಲಲಿ. ವಾರಕ್ಕೊಮ್ಮೆ ಒರೆಸಿದರಾಯಿತು.

ಕೋಟೆ ಕೆಳಗೆ:

ನೋಡೋಕೆ ಮಾತ್ರ ಎತ್ತಿನಬಂಡಿಗೆ ಟ್ಯಾಕ್ಟರ್ ಗಾಲಿ ಹಾಕಿದಂಗೆ ಇರುತ್ತದೆ. ನಾನಂತೂ ಈಗಲೂ ಹೇಳುತ್ತೇನೆ, ಮಾರಿಬಿಡಿ.

ಕೌಲ್‌ಬಜಾರ್ ಎಡಿಟರ್:

ಮಾರಲಿಲ್ಲ. ಭಾನುವಾರ ಕೂತು ಮಾಡಿದೆ. ಎರಡು ಪಿ12, ಕೇಬಲ್, ಜಾಳಿಗೆ, ಮೊದಲು ತಂದ ಪೇಸ್ಟ್ ಎಲ್ಲ ಸೇರಿ 2,600 ಆಯಿತು. ಕೇಬಲ್ ಟೈ ಕೆಳಗಿನ ಯೂನಿಟ್ಟಿನವರೇ ಕೊಟ್ಟರು, ಜೀನ್ಸ್‌ಗೆ ಟ್ಯಾಗ್ ಕಟ್ಟುವ ತೆಳುವಾದದ್ದು. ಅದು ಬಿಸಿಗೆ ಸಡಿಲ ಆಗುತ್ತದೇನೋ ಅಂತ ಭಯವಾಗಿ ಮಾರನೇ ದಿನ ಎಲೆಕ್ಟ್ರಿಕಲ್ ಅಂಗಡಿಯಿಂದ ದಪ್ಪದ್ದು ತಂದು ಮತ್ತೆ ಕಟ್ಟಿದೆ. ಎರಡು ಫ್ಯಾನ್ ನಡುವೆ ಸಂದು ಉಳಿದಿತ್ತು, ಅಲ್ಲಿಂದ ಗಾಳಿ ಸೋರುತ್ತಿತ್ತು, ಫೋಮ್ ಪಟ್ಟಿ ತುರುಕಿದೆ.

ಅದೇ ವಿಡಿಯೋ, ಅದೇ ರೆಂಡರ್: 68 ಡಿಗ್ರಿ, ಫ್ಯಾನ್ 1,150 ಸುತ್ತು. ರೂಮಿನಲ್ಲಿ ಹೋದ ಸಲದಂತೆ 29 ಡಿಗ್ರಿಯೇ ಇತ್ತು. ಕರ್ ಕರ್ ಇಲ್ಲ, ಹುಸ್ ಅನ್ನುವುದು ಕಿವಿ ಕೊಟ್ಟರೆ ಮಾತ್ರ.

ಭತ್ತದ ಕಣಜ:

ಶಭಾಷ್ ತಮ್ಮ. ಆದರೆ ಈಗಲೇ ಕುಣಿಯಬೇಡಪ್ಪ, ಇದು ಫೆಬ್ರವರಿ. ಹೀಟ್‌ಸಿಂಕ್ ಏನೇ ಮಾಡಿದರೂ ರೂಮಿನ ಗಾಳಿಗಿಂತ ತಣ್ಣಗೆ ಮಾಡೋಕಾಗಲ್ಲ. ರೂಮು ಎಷ್ಟು ಡಿಗ್ರಿ ಏರುತ್ತೋ ಕಾರ್ಡೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಯೂಟ್ಯೂಬಿನಲ್ಲಿ ತೋರಿಸುವವರು ಎಸಿ ರೂಮಿನಲ್ಲಿ 22-24 ಡಿಗ್ರಿಯಲ್ಲಿ ಕೂತು ಅಳೆಯುತ್ತಾರೆ, ಅದಕ್ಕೆ ನಮ್ಮ ಕಡೆಯ ಹದಿನೈದು ಡಿಗ್ರಿ ನಾವೇ ಕೂಡಿಸಿಕೊಳ್ಳಬೇಕು. ಬೇಸಿಗೆಯಲ್ಲಿ ಇನ್ನೊಮ್ಮೆ ನೋಡಿ ಹಾಕು.

ಕೌಲ್‌ಬಜಾರ್ ಎಡಿಟರ್:

ಅಕ್ಕ ಹೇಳಿದ್ದಕ್ಕೆ ಮೂರು ತಿಂಗಳು ಬಿಟ್ಟು ಬಂದಿದ್ದೇನೆ. ನಿನ್ನೆ ರಾತ್ರಿ ಹತ್ತು ಗಂಟೆಗೆ ರೂಮಿನಲ್ಲಿ 38 ಡಿಗ್ರಿ, ಗೋಡೆ ಮುಟ್ಟಿದರೆ ಹಂಚಿನಂಗೆ ಸುಡುತ್ತಿತ್ತು. ಎರಡು ಗಂಟೆ ರೆಂಡರ್ ಓಡಿತು, ಕಾರ್ಡ್ 77 ಡಿಗ್ರಿ, ಫ್ಯಾನ್ 1,350. ಸದ್ದು ಸ್ವಲ್ಪ ಜಾಸ್ತಿ ಆಗಿದೆ, ಆದರೆ ಮಷಿನ್ ಆನ್ ಇದೆ ಅಂತ ಪಕ್ಕದ ರೂಮಿಗೆ ಗೊತ್ತಾಗುವಷ್ಟು ಇಲ್ಲ. ಜಾಳಿಗೆಯಲ್ಲಿ ವಾರಕ್ಕೆ ಒಂದು ಹಿಡಿ ನೀಲಿ ನೂಲು ಸಿಗುತ್ತಿದೆ.

ಅಜ್ಜಿ ಮಾತ್ರ ಈಗ ಮಾಳಿಗೆ ಮೇಲೆ ಮಲಗುತ್ತಾರೆ, ಅದು ಸೆಕೆಗೆ. ಹಳೇ ಎರಡು ಫ್ಯಾನ್ ಇನ್ನೂ ಇಟ್ಟಿದ್ದೇನೆ, ಬಲಗಡೆಯದು ಚೆನ್ನಾಗಿದೆ. ಯಾರಿಗಾದರೂ ಬೇಕಿದ್ದರೆ ಬಳ್ಳಾರಿಗೆ ಬಂದಾಗ ತಗೊಂಡು ಹೋಗಿ, ದುಡ್ಡು ಬೇಡ.